ಆನೆ, ಕತ್ತೆ ಮತ್ತು ಬಂಡೋರನ್ನಿನ ರೇಖಾ

ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿರುವ ದೀಪದ ಕಂಬದ ಮೇಲೆ ಒಬ್ಬ ಮನುಷ್ಯ ಕೆಲವು ವಾರಗಳಿಂದ ಬಿಟ್ಟೂಬಿಡದೆ ನಗುತ್ತಿದ್ದಾನೆ. ಮಳೆ ಬಂದರೂ ನಗುತ್ತಾನೆ; ಅಟ್ಲಾಂಟಿಕ್ ಕಡೆಯಿಂದ ಗಾಳಿ ಬೀಸಿ ಅರ್ಧ ಮುಖ ಮಡಚಿಕೊಂಡರೆ ಉಳಿದರ್ಧದಲ್ಲಿ ನಗುತ್ತಾನೆ. ಐರ್ಲೆಂಡಿನ ಸ್ಲೈಗೋ ಪಟ್ಟಣದ ಸ್ಥಳೀಯ ಚುನಾವಣೆಗೆ ನಿಂತ ಅಭ್ಯರ್ಥಿಯ ಭಾವಚಿತ್ರವದು. "ಆ ಮನುಷ್ಯನ ಎದುರಿಗೆ ಒಗ್ಗರಣೆ ಹಾಕೋಕೆ ಸಂಕೋಚ ಆಗತ್ತೆ ರೀ" ಎಂದು ನನ್ನ ಹೆಂಡತಿ ಸುಧಾ ಕಿಟಕಿಯ ಪರದೆಯನ್ನೇ ಎಳೆದುಬಿಟ್ಟಿದ್ದಾಳೆ. ನನಗೇನೋ ಅವನ ಮೇಲೆ ಮರುಕ. ಅಷ್ಟು ಹೊತ್ತು ನಗುವುದು ಎಷ್ಟು ಕಷ್ಟವೆಂಬುದು ಒಮ್ಮೆಯಾದರೂ ಚುನಾವಣೆಗೆ ನಿಂತವನಿಗೆ ಮಾತ್ರ ಗೊತ್ತು. ನಾನು ನಿಂತವನು.

ಮತವನ್ನು ದಾನವೆಂದು ಕರೆದ ಭಾಷೆ ನಮ್ಮದು. ಗೋದಾನ, ಭೂದಾನ, ಕನ್ಯಾದಾನಗಳ ಪಂಕ್ತಿಯಲ್ಲಿ ಮತದಾನಕ್ಕೂ ಒಂದು ಮಣೆ ಹಾಕಿ ಕೂರಿಸಿ, ಕೊಟ್ಟ ಮೇಲೆ ಹಿಂದಕ್ಕೆ ಕೇಳಬಾರದೆಂಬ ಎಚ್ಚರಿಕೆಯನ್ನು ಆ ಪದದೊಳಗೇ ಅಡಗಿಸಿಟ್ಟ ಪುಣ್ಯಾತ್ಮರು ಯಾರೋ ಕಾಣೆ. ಐರ್ಲೆಂಡಿನವರದು ಇದಕ್ಕಿಂತ ಸೌಜನ್ಯದ ದಾರಿ. ಇಲ್ಲಿಯ ಮತಪತ್ರದಲ್ಲಿ ಒಬ್ಬನಿಗೆ ಮುದ್ರೆಯೊತ್ತಿ ಉಳಿದವರ ಮುಖಕ್ಕೆ ಬಾಗಿಲು ಹಾಕಬೇಕಾಗಿಲ್ಲ. ಮನಸಾರೆ ಒಪ್ಪಿದವನಿಗೆ ಒಂದು, ಪರವಾಗಿಲ್ಲ ಎನ್ನಿಸಿದವನಿಗೆ ಎರಡು, ಅಂಗಡಿಯಲ್ಲಿ ಸಿಕ್ಕಾಗ ಹವಾಮಾನ ವಿಚಾರಿಸುವವನಿಗೆ ಮೂರು ಎಂದು ಅಂಕಿ ಹಾಕುತ್ತ ಹೋಗಬಹುದು. ಹೀಗಾಗಿ ಇಲ್ಲಿ ಯಾರನ್ನು "ನನಗೆ ವೋಟು ಹಾಕ್ತೀರಾ?" ಎಂದು ಕೇಳಿದರೂ ಸಿಗುವ ಉತ್ತರ ಒಂದೇ: "ಗ್ರ್ಯಾಂಡ್!" ಈ ಪದಕ್ಕೆ "ಖಂಡಿತ ಹಾಕುತ್ತೇನೆ" ಎನ್ನುವುದರಿಂದ ಹಿಡಿದು "ಸದ್ಯ ಇಲ್ಲಿಂದ ತೊಲಗಿದರೆ ಸಾಕು" ಎನ್ನುವುದರ ತನಕ ಎಲ್ಲ ಅರ್ಥಗಳೂ ಇವೆ.

ಇಂಥ ಮೃದುಭಾಷಿಗಳ ನಾಡಿನಲ್ಲಿ ನಾನು ನಿಂತದ್ದು ಅಮೆರಿಕದ ಪದ್ಧತಿಯ ಚುನಾವಣೆಗೆ, ಅದೂ ಕನ್ನಡ ಸಂಘದ ಅಧ್ಯಕ್ಷಗಿರಿಗಾಗಿ. ಈ ವಾಕ್ಯದಲ್ಲಿ ಮೂರು ದೇಶಗಳು ಡಿಕ್ಕಿ ಹೊಡೆದಿರುವುದರಿಂದ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಸ್ಲೈಗೋದ ಆಸ್ಪತ್ರೆಯಲ್ಲಿ ಅರಿವಳಿಕೆಯ ವೈದ್ಯ. ಜನರನ್ನು ನಿದ್ರೆಗೆ ಕಳಿಸುವುದು ವೃತ್ತಿ. ಭಾಷಣಕ್ಕೆ ನಿಂತರೆ ಔಷಧಿಯ ಹಂಗೂ ಬೇಡವೆಂಬುದು ಸುಧಾಳ ಅಭಿಪ್ರಾಯ. ವಾಯವ್ಯ ಐರ್ಲೆಂಡಿನ ನಮ್ಮ ಪುಟ್ಟ ಸಂಘದಲ್ಲಿ ಅಧ್ಯಕ್ಷರನ್ನು ಆರಿಸುವ ಪದ್ಧತಿ ಮೊದಲಿನಿಂದಲೂ ಸರಳವಾಗಿತ್ತು: ವಾರ್ಷಿಕ ಸಭೆಗೆ ಬಾರದವರನ್ನು ಅಧ್ಯಕ್ಷರನ್ನಾಗಿ ಮಾಡುವುದು. ಬಂದವರೆಲ್ಲ ತಮ್ಮ ಬಗ್ಗೆ ತಾವೇ ವಿನಯದಿಂದ ಬೇಡವೆನ್ನುತ್ತಿದ್ದುದರಿಂದ, ಬೇಡವೆನ್ನಲು ಅಲ್ಲಿಲ್ಲದವನೇ ಸರ್ವಾನುಮತದಿಂದ ಆಯ್ಕೆಯಾಗುತ್ತಿದ್ದ. ಒಂದು ವರ್ಷ ನನಗೆ ಸಭೆಯ ದಿನವೇ ಡ್ಯೂಟಿ ಬಿತ್ತು. ಆಪರೇಷನ್ ಥಿಯೇಟರಿನಿಂದ ಹೊರಬಂದು ಫೋನು ನೋಡಿದರೆ ಅಭಿನಂದನೆಗಳ ಸುರಿಮಳೆ. ನನಗೇ ಅರಿವಳಿಕೆ ಕೊಟ್ಟು ಆಪರೇಷನ್ ಮುಗಿಸಿದ್ದರು.

ಹೀಗೆ ನಿರುಪದ್ರವಿಯಾಗಿ ಆಳಿಕೊಂಡಿದ್ದಾಗ ವಸಂತಿ ಮೇಡಂ ಬಂದರು. ಮೈಸೂರಿನವರು, ರೇಡಿಯಾಲಜಿಸ್ಟ್, ಅಮೆರಿಕದಲ್ಲಿ ಬಹುಕಾಲ ಇದ್ದು ನಮ್ಮ ಆಸ್ಪತ್ರೆ ಸೇರಿದವರು. ಹೊರಗಿನಿಂದಲೇ ಎಲ್ಲರ ಒಳಗನ್ನೂ ನೋಡಿ ಅಭ್ಯಾಸವಾದ ಅವರ ಕಣ್ಣಿಗೆ ನಮ್ಮ ಸಂಘದ ಒಳಗೂ ಬಿದ್ದಿತು. "ಇದೇನು ಪ್ರಭಾಕರ್, ಬರದೇ ಇರೋರನ್ನ ಆರಿಸ್ತೀರಾ? ಇದು ಡೆಮಾಕ್ರಸಿ ಅಲ್ಲ, ಇದು ಶಿಕ್ಷೆ!" ಎಂದರು. ಮುಂದಿನ ಚುನಾವಣೆ ಶಾಸ್ತ್ರೋಕ್ತವಾಗಿ ನಡೆಯಬೇಕೆಂದೂ, ಆ ಶಾಸ್ತ್ರ ತಮಗೆ ಗೊತ್ತಿರುವುದರಿಂದ ಚುನಾವಣಾಧಿಕಾರಿ ತಾವೇ ಎಂದೂ ಸಾರಿದರು. ಯಾರೂ ಆಕ್ಷೇಪಿಸಲಿಲ್ಲ. ಆ ಹುದ್ದೆಗೆ ಚುನಾವಣೆ ಇರಲಿಲ್ಲವೆಂಬುದು ಯಾರಿಗೂ ಹೊಳೆಯಲಿಲ್ಲ.

ಒಂದು ಭಾನುವಾರ ನಮ್ಮ ಮನೆಯಲ್ಲೇ ಪಾಠ ಶುರುವಾಯಿತು. ಪ್ರೈಮರಿ ಎಂದರು. ಪ್ರೈಮರಿ ಸ್ಕೂಲು ಯಾಕೆ ಬಂತೆಂದು ನಾನು ಯೋಚಿಸುತ್ತಿರುವಾಗ, ಅದು ಪಕ್ಷದೊಳಗೇ ಅಭ್ಯರ್ಥಿಯನ್ನು ಆರಿಸಿಕೊಳ್ಳುವ ಪೂರ್ವಭಾವಿ ಪರೀಕ್ಷೆಯೆಂದು ತಿಳಿಸಿದರು. ಅದೇ ಕೆಲಸವನ್ನು ಜನ ಒಂದೆಡೆ ಗುಂಪುಗೂಡಿ ಮಾತಾಡಿ ಮಾಡಿದರೆ ಕಾಕಸ್. ಹೆಸರಿಗೆ ತಕ್ಕಂತೆ ಕಾಗೆಗಳ ಸಭೆಯಷ್ಟೇ ಸದ್ದು. ಪಕ್ಷ ಕೊಡುವ ಭರವಸೆಗಳ ಮೊತ್ತ ಪ್ಲಾಟ್‌ಫಾರಂ, ಅದರ ಒಂದೊಂದು ಭರವಸೆ ಒಂದೊಂದು ಹಲಗೆ. ಹಲಗೆ ಕಿತ್ತರೆ ಬೀಳುವವರು ಮತದಾರರು. ಅಧ್ಯಕ್ಷನ ಜೊತೆ ಉಪಾಧ್ಯಕ್ಷನಾಗಲು ನಿಲ್ಲುವವನು ರನ್ನಿಂಗ್ ಮೇಟ್. ನನ್ನ ಗಾತ್ರ ಕಂಡ ನನ್ನ ಮಗಳು ಇಂಚರಾ, ರನ್ನಿಂಗ್ ಬೇಡ, ವಾಕಿಂಗ್ ಮೇಟ್ ಇದ್ದರೆ ನೋಡಿ ಎಂದು ತನ್ನ ಸ್ಲೈಗೋ ಇಂಗ್ಲಿಷಿನಲ್ಲಿ ಸೂಚಿಸಿದಳು. ತಮಗೆ ಅನುಕೂಲವಾಗುವಂತೆ ಕ್ಷೇತ್ರದ ಗಡಿಯನ್ನು ಸೊಟ್ಟಪಟ್ಟ ಎಳೆಯುವುದಕ್ಕೆ ಗೆರಿಮ್ಯಾಂಡರಿಂಗ್ ಎಂದು ಹೆಸರು. ಗೆರೆ ಎಳೆಯುವುದರಿಂದಲೇ ಆ ಹೆಸರು ಬಂದಿತೆಂದು ನಾನು ತಕ್ಷಣ ನಂಬಿದೆ, ಇವತ್ತಿಗೂ ನಂಬುತ್ತೇನೆ. ಇಂಗ್ಲಿಷಿಗೆ ಕನ್ನಡ ಸಾಲ ಕೊಟ್ಟ ಪದವೊಂದು ಸಿಕ್ಕಾಗ ವಿದ್ವಾಂಸರ ಮಾತು ಕೇಳಬಾರದು.

ಪದಗಳೇನೋ ಸಿಕ್ಕವು, ಪಕ್ಷಗಳು ಬೇಕಲ್ಲ? ಅಮೆರಿಕದಲ್ಲಿ ಎರಡು ದೊಡ್ಡ ಪಕ್ಷಗಳಿದ್ದು ಒಂದರ ಗುರುತು ಆನೆ, ಇನ್ನೊಂದರದು ಕತ್ತೆ ಎಂದು ವಸಂತಿ ಮೇಡಂ ಹೇಳಿದಾಗ ಸಭೆ ನಂಬಲಿಲ್ಲ. ಯಾರೋ ವಿರೋಧಿಗಳು ಅಂಟಿಸಿದ ಹೆಸರಿರಬೇಕೆಂದು ಒಬ್ಬರೆಂದರೆ, ಕನ್ನಡದಲ್ಲಿ ಕತ್ತೆಯ ಗುರುತಿಗೆ ಓಟು ಕೇಳುವುದು ಹೇಗೆಂದು ಇನ್ನೊಬ್ಬರು ಚಿಂತಿಸಿದರು. ಹಾಲಿ ಅಧ್ಯಕ್ಷನೆಂಬ ಕಾರಣಕ್ಕೂ, ಮೇಲೆ ಹೇಳಿದ ಗಾತ್ರದ ಕಾರಣಕ್ಕೂ ಆನೆ ನನ್ನ ಪಾಲಿಗೆ ಬಂತು. ಕತ್ತೆಗೆ ಯಾರೂ ಮುಂದಾಗಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಇಮ್ತಿಯಾಜ್ ಎದ್ದು ನಿಂತ.

"ಕತ್ತಿ ನನಗಿರ್ಲಿ ಬಿಡ್ರಿ. ಭಾರ ಹೊರೋದು ಕತ್ತಿನಽ. ಆನಿ ಹಬ್ಬದಾಗ ಅಡ್ಡಾಡಿ ಬಾಳೆಹಣ್ಣು ತಿಂತೈತಿ ಅಷ್ಟ" ಎಂದ.

ಇಮ್ತಿಯಾಜ್ ನನ್ನ ಆಪ್ತಮಿತ್ರ. ಹುಬ್ಬಳ್ಳಿಯವನು, ಕಂಪ್ಯೂಟರಿನ ಕೆಲಸ. ಕಾರ್ಕ್ ಕಡೆಯ ಲಿಟಲ್ ಐಲ್ಯಾಂಡಿನಲ್ಲಿ ಕೆಲವು ವರ್ಷ ಇದ್ದು ಸ್ಲೈಗೋಗೆ ಬಂದವನು. ಪ್ರತಿ ಶನಿವಾರ ಬೆಳಿಗ್ಗೆ ನಾವಿಬ್ಬರೂ ಸ್ಟ್ರ್ಯಾಂಡ್‌ಹಿಲ್ಲಿನ ಕಡಲತೀರದಲ್ಲಿ ಗಾಳಿಗೆ ಬಾಗಿಕೊಂಡು ನಡೆಯುತ್ತಿದ್ದೆವು. ನನಗೆ ಈ ಅಧ್ಯಕ್ಷಗಿರಿ ಬೇಡವೆಂದು ಎಷ್ಟೋ ಶನಿವಾರ ಅವನ ಮುಂದೆ ಗೋಳಾಡಿದ್ದೆ. ಆದರೆ ಆಶ್ಚರ್ಯ ನೋಡಿ: ಬೇರೆಯವನೊಬ್ಬ ಕೈಚಾಚಿದ ಕ್ಷಣದಿಂದ ನನಗೆ ಅದು ಬೇಕೇ ಬೇಕೆನ್ನಿಸತೊಡಗಿತು. ತಟ್ಟೆಯಲ್ಲಿ ತಣ್ಣಗೆ ಕೂತ ಉಪ್ಪಿಟ್ಟಿಗೆ ಪಕ್ಕದವರು ಚಮಚ ಹಾಕಿದಾಗ ಬರುವ ರುಚಿ ಅದಕ್ಕೆ ಬಂತು. ಕನ್ನಡಿಯ ಮುಂದೆ ನಿಂತು ಕೈಬೀಸುವ ಅಭ್ಯಾಸ ಮಾಡಿದೆ. ಎರಡು ಪಕ್ಷಗಳ ನಡುವೆ ತಾತ್ವಿಕ ಭೇದವೂ ಬೇಗನೆ ಹುಟ್ಟಿತು: ರಾಜ್ಯೋತ್ಸವದ ಊಟಕ್ಕೆ ಆನೆಯ ಪಕ್ಷ ಬಿಸಿಬೇಳೆಬಾತಿಗೆ ಬದ್ಧ, ಕತ್ತೆಯ ಪಕ್ಷ ಜೋಳದ ರೊಟ್ಟಿ, ಎಣ್ಣೆಗಾಯಿಗೆ. ಮುಂದಿನ ಶನಿವಾರ ಇಬ್ಬರೂ ಕಡಲತೀರಕ್ಕೆ ಹೋಗಲಿಲ್ಲ. ಅದರ ಮುಂದಿನ ಶನಿವಾರ ಹೋದೆವು, ಆದರೆ ಬೇರೆಬೇರೆಯಾಗಿ. ದೂರದಿಂದ ಕಂಡು ಕೈ ಎತ್ತಿದೆವು. ಅದು ನಮಸ್ಕಾರವೋ ಪ್ರಚಾರವೋ ಇಬ್ಬರಿಗೂ ತಿಳಿಯಲಿಲ್ಲ.

ಮನೆಯೊಳಗಿನ ರಾಜಕೀಯ ಇನ್ನೂ ಸೂಕ್ಷ್ಮವಾಗಿತ್ತು. "ನಿನ್ನ ಓಟು ನನಗೇ ತಾನೇ?" ಎಂದು ಒಂದು ಸಂಜೆ ಸುಧಾಳನ್ನು ಸಲೀಸಾಗಿ ಕೇಳಿದೆ.

"ಗುಪ್ತ ಮತದಾನ ರೀ" ಎಂದಳು.

"ಗಂಡನಿಂದಲೂ ಗುಪ್ತವೇ?"

"ಗಂಡನಿಂದಲೇ ಗುಪ್ತ. ಬೇರೆಯವರು ಯಾರು ಕೇಳ್ತಾರೆ?"

ಆ ದಿನದಿಂದ ನಾನು ಪಾತ್ರೆ ತೊಳೆಯಲಾರಂಭಿಸಿದೆ. ಯಾವ ಪಕ್ಷಕ್ಕೂ ಅಂಟಿಕೊಳ್ಳದೆ ಅತ್ತಿತ್ತ ತೂಗುವ ಮತದಾರರಿಗೆ ಅಮೆರಿಕದವರು ಸ್ವಿಂಗ್ ವೋಟರ್ ಎನ್ನುತ್ತಾರಂತೆ. ಅವಳು ಉಯ್ಯಾಲೆಯಲ್ಲಿ ಕೂತಿದ್ದಳು. ತೂಗುವ ಕೆಲಸ ನನ್ನದಾಗಿತ್ತು.

ಇಷ್ಟರಲ್ಲಿ ವಸಂತಿ ಮೇಡಂ ತಮ್ಮ ಬತ್ತಳಿಕೆಯ ಕೊನೆಯ ಬಾಣ ತೆಗೆದರು: ಎಲೆಕ್ಟೊರಲ್ ಕಾಲೇಜು. ಯಾವ ಕಾಲೇಜು, ಸೀಟು ಎಷ್ಟು ಎಂದು ಕನ್ನಡಿಗರ ಸಹಜಕುತೂಹಲದಿಂದ ಒಬ್ಬರು ಕೇಳಿದರು. ಅದು ಕಟ್ಟಡವಲ್ಲವಂತೆ. ಅಮೆರಿಕದಲ್ಲಿ ಅಧ್ಯಕ್ಷನನ್ನು ಜನ ನೇರವಾಗಿ ಆರಿಸುವುದಿಲ್ಲ; ಒಂದೊಂದು ರಾಜ್ಯಕ್ಕೂ ಇಷ್ಟಿಷ್ಟು ಮತಗಳೆಂದು ಗೊತ್ತುಮಾಡಿರುತ್ತಾರೆ; ಹೆಚ್ಚುಕಡಿಮೆ ಎಲ್ಲ ಕಡೆಯೂ ರಾಜ್ಯದಲ್ಲಿ ಮುಂದಿರುವವನಿಗೆ ಆ ರಾಜ್ಯದ ಅಷ್ಟೂ ಮತಗಳು ಸಲ್ಲುತ್ತವೆ. ಈ ಸೂತ್ರದಂತೆ ಅವರು ನಮ್ಮ ಸೀಮೆಯನ್ನು ನಾಲ್ಕು ರಾಜ್ಯಗಳಾಗಿ ಒಡೆದರು: ಸ್ಲೈಗೋ, ಬ್ಯಾಲಿನಾ, ಕ್ಯಾರಿಕ್, ಬಂಡೋರನ್.

"ಬಂಡೋರನ್ನಿನಲ್ಲಿ ಯಾರಿದ್ದಾರೆ ಮೇಡಂ?" ಎಂದೆ.

"ನೀವು ಅಧ್ಯಕ್ಷರು. ನನ್ನನ್ನ ಕೇಳ್ತೀರಾ? ಒಂದು ಮನೆ ಇದೆ. ಗಂಡ ಹೆಂಡತಿ. ಚಿಕ್ಕ ಊರನ್ನ ಯಾರೂ ಮರೀಬಾರ್ದು ಅಂತಾನೇ ಈ ಪದ್ಧತಿ ಇರೋದು."

ಲೆಕ್ಕ ಹಾಕಿ ನೋಡಿದರೆ ಚಿತ್ರ ಸ್ಪಷ್ಟವಾಯಿತು. ಸ್ಲೈಗೋ ನನ್ನದು, ಅಲ್ಲಿಯ ಕನ್ನಡಿಗರಲ್ಲಿ ಬಹಳ ಮಂದಿ ನಮ್ಮ ಆಸ್ಪತ್ರೆಯ ಶಸ್ತ್ರವೈದ್ಯರು, ಮತ್ತು ಅರಿವಳಿಕೆಯವನನ್ನು ಎದುರುಹಾಕಿಕೊಂಡ ಶಸ್ತ್ರವೈದ್ಯ ಇನ್ನೂ ಹುಟ್ಟಬೇಕು. ಬ್ಯಾಲಿನಾ, ಕ್ಯಾರಿಕ್ ಎರಡೂ ಇಮ್ತಿಯಾಜನವು. ಅಲ್ಲಿಯ ಮನೆಮನೆಯ ವೈಫೈಯನ್ನೂ ಸರಿಮಾಡಿಕೊಟ್ಟವನು ಅವನೇ. ಸ್ಲೈಗೋದ ತೂಕವೂ ಆ ಎರಡರ ತೂಕವೂ ಸರಿಸಮ. ಮಿಕ್ಕಿದ್ದು ಬಂಡೋರನ್ನಿನ ಒಂದೇ ಒಂದು ಮತ. ನಮ್ಮ ಸಂಘದ ಭವಿಷ್ಯ, ಬಿಸಿಬೇಳೆಬಾತಿನ ಭವಿಷ್ಯ, ನನ್ನ ಕೈಬೀಸುವಿಕೆಯ ಭವಿಷ್ಯ ಎಲ್ಲವೂ ಯಾರೂ ಯಾವತ್ತೂ ಹೋಗದಿದ್ದ ಆ ಒಂದು ಮನೆಯ ಜಗಲಿಯ ಮೇಲೆ ಬಂದು ಕೂತಿತು.

ಬಂಡೋರನ್ ಸ್ಲೈಗೋದಿಂದ ದೂರವೇನಲ್ಲ. ಸಮುದ್ರದ ಪಕ್ಕದ ಸಣ್ಣ ಊರು. ಬೇಸಿಗೆಯಲ್ಲಿ ಸರ್ಫಿಂಗಿನ ಅಲೆಯಾಟದವರಿಂದಲೂ ಮಕ್ಕಳ ಆಟದಂಗಡಿಗಳಿಂದಲೂ ಗಿಜಿಗುಡುತ್ತದೆ. ಚಳಿಗಾಲದಲ್ಲಿ ಅಲೆಗಳು ತಮ್ಮಷ್ಟಕ್ಕೆ ತಾವೇ ಆಡಿಕೊಳ್ಳುತ್ತವೆ. ಅಲ್ಲಿದ್ದ ಗಂಡ ನಾಗರಾಜು ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲೇ ಕೆಲಸ ಮಾಡುವವನು. ಅವನನ್ನು ಕಾರಿಡಾರಿನಲ್ಲಿ ಎಷ್ಟೋ ಸಲ ಕಂಡಿದ್ದೆ. ಮಾತನ್ನು ರಕ್ತದಂತೆ ಸ್ಯಾಂಪಲ್ ಮಾತ್ರ ಕೊಡುವ ಮನುಷ್ಯ. ಹೆಂಡತಿ ರೇಖಾ ತುಮಕೂರಿನವಳು. ಅಲ್ಲಿ ಬ್ಯಾಂಕಿನಲ್ಲಿದ್ದವಳು, ಕೆಲಸ ಬಿಟ್ಟು ಗಂಡನ ಜೊತೆ ಬಂದವಳು. ನಾನೂ ಸುಧಾಳೂ ಕೋಡುಬಳೆಯ ಡಬ್ಬಿಯೊಂದಿಗೆ ಮೊದಲ ಸಲ ಹೋಗಿ ಬಾಗಿಲು ತಟ್ಟಿದಾಗ ಆಕೆ ತೆರೆದು, ನಮ್ಮನ್ನು ನೋಡಿ, ಹಿಂದೆ ಇನ್ಯಾರಾದರೂ ಇದ್ದಾರೆಯೇ ಎಂದು ಬೀದಿಯನ್ನೂ ನೋಡಿ, "ಅಡ್ರೆಸ್ ತಪ್ಪಿ ಬಂದ್ರಾ?" ಎಂದು ಕೇಳಿದಳು.

ಆಮೇಲೆ ಮಾತಾಡಿದಳು. ಅಣೆಕಟ್ಟಿನ ಬಾಗಿಲು ತೆರೆದಂತೆ ಮಾತಾಡಿದಳು. ತುಮಕೂರಿನ ಬ್ಯಾಂಕಿನ ಕೌಂಟರಿನಲ್ಲಿ ಜಗಳವಾಡುತ್ತಿದ್ದ ಗಿರಾಕಿಗಳ ಅನುಕರಣೆ ಮಾಡಿ ತೋರಿಸಿದಳು. ಪಕ್ಕದ ಮನೆಯ ಬ್ರೀಡಾ ಎಂಬ ಮುದುಕಿಯ ಬೆಕ್ಕಿನ ಚಾರಿತ್ರ್ಯ ಹೇಳಿದಳು. ಒಬ್ಬಳೇ ಇರುವಾಗ ರೇಡಿಯೋದ ಹವಾಮಾನ ವರದಿಗಾರನಿಗೆ ಉತ್ತರ ಕೊಡುವುದನ್ನೂ ನಗುತ್ತಲೇ ಹೇಳಿದಳು. ಸುಧಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಸಂದಿ ಸಿಕ್ಕಾಗ, "ಹಾಗಾದರೆ ನಿಮ್ಮ ಮತ..." ಎಂದೆ.

"ಇನ್ನೂ ಡಿಸೈಡ್ ಮಾಡಿಲ್ಲ ಡಾಕ್ಟ್ರೇ. ಯೋಚ್ನೆ ಮಾಡ್ತಾ ಐದೀನಿ" ಎಂದಳು. ನಾಗರಾಜು ಗಂಭೀರವಾಗಿ ತಲೆಯಾಡಿಸಿದ.

ಮರುದಿನ ಇಮ್ತಿಯಾಜ್ ಹೋದನಂತೆ, ಧಾರವಾಡದ ಪೇಡೆಯೊಂದಿಗೆ. ಅದರ ಮುಂದಿನ ವಾರ ನಾನು ಹೋಳಿಗೆಯೊಂದಿಗೆ. ಆಮೇಲೆ ಅವನು ಬಿರಿಯಾನಿಯ ಪಾತ್ರೆಯನ್ನೇ ಎತ್ತಿಕೊಂಡು ಸಂಸಾರಸಮೇತ. ಆನೆಯ ಪಕ್ಷದ ಶಸ್ತ್ರವೈದ್ಯರು ಸರದಿಯಂತೆ ಹೋದರು. ಕತ್ತೆಯ ಪಕ್ಷದವರು ಬ್ಯಾಲಿನಾದಿಂದ ಗುಂಪುಗಟ್ಟಿ ಹೋದರು. ಹೋದವರೆಲ್ಲ ಗಂಟೆಗಟ್ಟಲೆ ಕೂತು, ನಕ್ಕು, ಉಂಡು, ಹೊರಡುವಾಗ ಮತ ಕೇಳಿ, "ಯೋಚ್ನೆ ಮಾಡ್ತಾ ಐದೀನಿ" ಎಂಬ ಅದೇ ಉತ್ತರ ಪಡೆದು ಮರಳಿದರು. ಇಷ್ಟು ದೀರ್ಘವಾಗಿ ಯೋಚಿಸುವ ಮತದಾರರನ್ನು ತಾವು ಅಮೆರಿಕದಲ್ಲೂ ಕಂಡಿಲ್ಲವೆಂದು ವಸಂತಿ ಮೇಡಂ ಮೆಚ್ಚಿದರು.

ಮತದಾನಕ್ಕೆ ಇನ್ನು ಒಂದೇ ಶನಿವಾರ ಉಳಿದಿರುವಾಗ ನನ್ನ ಪ್ರಚಾರದ ಹೊಣೆಯನ್ನು ಇಂಚರಾ ವಹಿಸಿಕೊಂಡಳು. ಹದಿಹರೆಯದ ಹುಡುಗಿ, ನಾವು ಕನ್ನಡದಲ್ಲಿ ಕೇಳಿದರೆ ಅವಳದು ಐರಿಶ್ ರಾಗದ ಇಂಗ್ಲಿಷಿನಲ್ಲಿ ಉತ್ತರ. ಅಪ್ಪನಿಗೆ ಇಮೇಜ್ ಇಲ್ಲವೆಂದು ಅವಳ ನಿದಾನ. ಮದ್ದೂ ಅವಳದೇ: ರಟ್ಟಿನಿಂದ ಎರಡು ಮೊರದಗಲ ಕಿವಿ ಕತ್ತರಿಸಿ ನನ್ನ ಟೋಪಿಗೆ ಹೊಲಿದಳು, ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಕಿತ್ತು ಮೂಗಿನ ಮುಂದೆ ಕಟ್ಟಿದಳು, ಸುಧಾಳ ಬೂದುಬಣ್ಣದ ಶಾಲು ಹೊದಿಸಿದಳು. ದೂರ ನಿಂತು ನೋಡಿ, "ಗ್ರ್ಯಾಂಡ್!" ಎಂದಳು. ಈ ಪದದ ಅರ್ಥವಿಸ್ತಾರದ ಬಗ್ಗೆ ಮೇಲೆ ಹೇಳಿದ್ದೇನೆ.

ಹೀಗೆ ಗಜವದನನಾಗಿ, ವಾಹನವಾಗಿ ಇಲಿಯ ಬದಲು ಸಣ್ಣ ಕಾರನ್ನೇರಿ, ಸೊಂಡಿಲನ್ನು ಸುಧಾಳ ಮಡಿಲಿಗೆ ಕೊಟ್ಟು ಬಂಡೋರನ್ ತಲುಪಿದೆ. ರೇಖಾಳ ಮನೆಯ ಮುಂದೆ ಇಳಿದು ಸೊಂಡಿಲು ಸರಿಮಾಡಿಕೊಳ್ಳುವ ಹೊತ್ತಿಗೆ ಬೀದಿಯ ತುದಿಯಿಂದ ಟ್ರೇಲರೊಂದನ್ನು ಎಳೆದುಕೊಂಡು ಇಮ್ತಿಯಾಜನ ಕಾರು ಬಂತು. ಇಳಿದವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬಳಿಕ ಟ್ರೇಲರಿನ ಬಾಗಿಲು ತೆರೆದ. ಒಳಗಿನಿಂದ ಒಂದು ಕತ್ತೆ, ನಿಜವಾದ, ಜೀವಂತ, ಕೊರಳಿಗೆ ಹಳದಿ ಕೆಂಪು ಪಟ್ಟಿ ಕಟ್ಟಿಕೊಂಡ ಕತ್ತೆ, ಮದುವೆ ಮನೆಗೆ ಬಂದ ಬೀಗರಂತೆ ನಿಧಾನವಾಗಿ ಇಳಿಯಿತು. ಅವನ ಮನೆಯ ಪಕ್ಕದ ರೈತ ನೋಯೆಲ್ ಎಂಬಾತನದಂತೆ, ಕತ್ತೆಯ ಹೆಸರು ಬರ್ನಿ.

"ಲೇ, ಇದು ಅನ್ಯಾಯ" ಎಂದೆ ಕೊಳವೆಯೊಳಗಿಂದ. "ನಾನು ಸ್ಲೈಗೋದಲ್ಲಿ ಆನೆ ಎಲ್ಲಿಂದ ತರಲಿ?"

"ನೀ ತಂದೀಯಲ್ಲೋ. ಹೊತ್ಕೊಂಡ ಬಂದೀ" ಎಂದ ಇಮ್ತಿಯಾಜ್.

ಬರ್ನಿ ನನ್ನತ್ತ ಬಂದಿತು. ಅದು ತನ್ನ ಜೀವಮಾನದಲ್ಲಿ ಆನೆ ಕಂಡಿರಲಿಲ್ಲ. ಕಂಡದ್ದು ಮೆಚ್ಚುಗೆಯೂ ಆಗಲಿಲ್ಲ. ಮೊದಲು ನನ್ನ ಎಡಗಿವಿಯನ್ನು ಮೂಸಿ, ರಟ್ಟು ಪರವಾಗಿಲ್ಲವೆನ್ನಿಸಿ, ಕಿತ್ತು ಅಗಿಯಿತು. ನಾನು ಹಿಂದೆ ಸರಿದೆ. ಅದು ಮುಂದೆ ಬಂತು. ಬಲಗಿವಿ ಹೋಯಿತು. ಸೊಂಡಿಲನ್ನಾದರೂ ಉಳಿಸಿಕೊಳ್ಳೋಣವೆಂದು ತಿರುಗಿದರೆ ಅದರ ತುದಿಯನ್ನು ಹಲ್ಲಿನಲ್ಲಿ ಹಿಡಿಯಿತು. ನಾನು ಈ ತುದಿಯಲ್ಲಿ, ಕತ್ತೆ ಆ ತುದಿಯಲ್ಲಿ. ಒಂದೇ ಕೊಳವೆಯನ್ನು ಎರಡು ಪಕ್ಷಗಳೂ ಜಗ್ಗಾಡತೊಡಗಿದವು. "ಬಿಡಲೇ ಬರ್ನಿ, ಡಾಕ್ಟರ ಅದಾನ!" ಎಂದು ಇಮ್ತಿಯಾಜ್ ಕತ್ತೆಯ ಸೊಂಟ ಹಿಡಿದು ಎಳೆದ, ಸುಧಾ ನನ್ನ ಸೊಂಟ ಹಿಡಿದು ಎಳೆದಳು. ಬ್ರೀಡಾ ಬೆಕ್ಕನ್ನು ಕಂಕುಳಲ್ಲಿ ಅವಚಿಕೊಂಡು ಬೇಲಿಗೆ ಬಂದು, ಇದು ನಿಮ್ಮ ಹಬ್ಬವೇ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು. ಚುನಾವಣೆ ಎಂದಳು ಸುಧಾ, ಏದುಸಿರು ಬಿಡುತ್ತ. ಹಾಗಾದರೆ ನಮ್ಮದರಂತೆಯೇ ಎಂದು ಬ್ರೀಡಾ ತಲೆದೂಗಿದರು.

ರೇಖಾ ಬಾಗಿಲಲ್ಲಿ ನಿಂತು ನೋಡಿದಳು. ನಗಲು ಶುರುಮಾಡಿದಳು. ನಕ್ಕು ನಕ್ಕು ನಿಲ್ಲಲಾರದೆ ಹೊಸ್ತಿಲ ಮೇಲೆ ಕುಸಿದು ಕೂತಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳ ಹಿಂದೆ ನಾಗರಾಜು ನಿಂತಿದ್ದ. ಅವನೂ ನಗುತ್ತಿದ್ದ. ಮೆಲ್ಲನೆ ನನ್ನ ಬಳಿ ಬಂದು, ಅಷ್ಟು ದಿನದ ಪರಿಚಯದಲ್ಲಿ ಮೊದಲ ಸಲ ಒಂದು ಪೂರ್ತಿ ವಾಕ್ಯ ಹೇಳಿದ: "ಸಾರ್, ಅವಳು ಈ ಊರಿಗೆ ಬಂದ ಮೇಲೆ ಹಿಂಗೆ ನಕ್ಕಿದ್ದು ನಾನು ನೋಡೇ ಇಲ್ಲ."

ಕತ್ತೆಯನ್ನು ಬ್ರೀಡಾರ ಹಿತ್ತಲಲ್ಲಿ ಕಟ್ಟಿ ಎಲ್ಲರೂ ಒಳಗೆ ಹೋದೆವು. ಚಹಾ ಬಂತು. ಕಿವಿಯಿಲ್ಲದ ಆನೆಯಾಗಿ ನಾನು ಒಂದು ಕುರ್ಚಿಯಲ್ಲಿ, ಎದುರಿಗೆ ಇಮ್ತಿಯಾಜ್. ಇನ್ನು ತಡೆಯಲಾರದೆ ನಾನೇ ಕೇಳಿದೆ.

"ರೇಖಾ, ಇವತ್ತಾದರೂ ಹೇಳಿ. ಯಾರಿಗೆ?"

"ಯೋಚ್ನೆ..." ಎಂದು ಶುರುಮಾಡಿದವಳು ನಿಲ್ಲಿಸಿ, ಬಸಿಯ ಮೇಲಿನ ಬಿಸ್ಕತ್ತನ್ನು ಎರಡಾಗಿ ಮುರಿದಳು. ಆಮೇಲೆ ನಗುತ್ತಲೇ ಹೇಳಿದಳು. "ನಿಜ ಹೇಳ್ಬುಡ್ಲಾ ಡಾಕ್ಟ್ರೇ? ಡಿಸೈಡ್ ಮಾಡ್ಬುಟ್ರೆ ಆಮೇಲೆ ಶನಿವಾರ ಯಾರು ಬರ್ತಾರೆ?"

ಇಮ್ತಿಯಾಜ್ ಕಪ್ಪನ್ನು ಮೇಜಿನ ಮೇಲಿಟ್ಟ. ಸುಧಾ ಎದ್ದುಹೋಗಿ ಆಕೆಯ ಪಕ್ಕ ಕೂತಳು. ಹಿತ್ತಲಿನಿಂದ ಬರ್ನಿಯೊಂದು ಮಾತ್ರ ತನ್ನ ಅಭಿಪ್ರಾಯವನ್ನು ಗಟ್ಟಿಯಾಗಿ, ದೀರ್ಘವಾಗಿ ತಿಳಿಸಿತು. ಅದಕ್ಕೆ ರೇಖಾಳೇ ಮೊದಲು ನಕ್ಕಳು.

ಹೊರಡುವಾಗ ಇಮ್ತಿಯಾಜನೂ ನಾನೂ ಕತ್ತೆಯನ್ನು ಟ್ರೇಲರಿಗೆ ಹತ್ತಿಸಿದೆವು. ಅದಕ್ಕೆ ಹತ್ತುವ ಮನಸ್ಸಿರಲಿಲ್ಲ. ಒಬ್ಬ ಮುಂದಿನಿಂದ ಎಳೆದು, ಇನ್ನೊಬ್ಬ ಹಿಂದಿನಿಂದ ತಳ್ಳಬೇಕಾಯಿತು. ಹಿಂದಿನ ಪಾಳಿ ನನ್ನದು. ಬೆವರೊರೆಸಿಕೊಳ್ಳುತ್ತ ಅವನೆಂದ: "ಪ್ರಭಾಕರ, ನಾವಿಬ್ರೂ ಭಾಳ ಶಾಣ್ಯಾ ಅನ್ಕೊಂಡಿದ್ವಿ ನೋಡು." ಹೌದೆಂದೆ. ಮುಂದಿನ ಶನಿವಾರ ಮತದಾನವಿರದಿದ್ದರೆ ಸ್ಟ್ರ್ಯಾಂಡ್‌ಹಿಲ್ಲಿಗೆ ಹೋಗಬಹುದಿತ್ತೆಂದ. ಅದಕ್ಕೂ ಹೌದೆಂದೆ.

ಮತದಾನ ಸ್ಲೈಗೋದ ಒಂದು ಚರ್ಚಿನ ಪಕ್ಕದ ಹಾಲಿನಲ್ಲಿ ನಡೆಯಿತು. ಎಲ್ಲರೂ ಬಂದಿದ್ದರು. ಚೀಟಿಯ ಮೇಲೆ ನನ್ನ ಹೆಸರು, ಇಮ್ತಿಯಾಜನ ಹೆಸರು, ಕೆಳಗೊಂದು ಖಾಲಿ ಗೆರೆ. ಆ ಗೆರೆಯೂ ಅಮೆರಿಕದ್ದೇ. ಸ್ಪರ್ಧೆಗೆ ನಿಲ್ಲದವರ ಹೆಸರನ್ನೂ ಮತದಾರ ಅಲ್ಲಿ ತಾನೇ ಬರೆಯಬಹುದು, ಅದಕ್ಕೆ ರೈಟ್-ಇನ್ ಎನ್ನುತ್ತಾರೆ ಎಂದು ವಸಂತಿ ಮೇಡಂ ವಿವರಿಸಿದರು. ಅಲಂಕಾರಕ್ಕಿರಬೇಕೆಂದು ನಾನು ಗಮನ ಕೊಡಲಿಲ್ಲ. ಪರದೆಯ ಹಿಂದೆ ಹೋಗಿ, ಪೆನ್ಸಿಲು ಹಿಡಿದು ಕೆಲ ಕ್ಷಣ ನಿಂತೆ. ನನ್ನ ಹೆಸರನ್ನು ನೋಡಿದೆ. ಅಷ್ಟು ದಿನ ಅಷ್ಟು ಬೇಕೆನ್ನಿಸಿದ್ದು ತಣ್ಣಗಾಗಿತ್ತು. ಇಮ್ತಿಯಾಜನ ಹೆಸರಿಗೆ ಗುರುತು ಹಾಕಿ ಹೊರಬಂದೆ. ಅವನಿಗೆ ಹೇಳಲಿಲ್ಲ.

ವಸಂತಿ ಮೇಡಂ ಮತಪೆಟ್ಟಿಗೆಗಳನ್ನು ರಾಜ್ಯವಾರು ತೆರೆದು ಓದಲಾರಂಭಿಸಿದರು. ಬ್ಯಾಲಿನಾ: "ರೇಖಾ." ಇನ್ನೊಂದು ಚೀಟಿ: "ರೇಖಾ." ಮತ್ತೆ: "ಬಂಡೋರನ್ ರೇಖಾ." ಇನ್ನೊಂದರಲ್ಲಿ "ರೇಖಕ್ಕ" ಎಂದಿತ್ತು. ಕ್ಯಾರಿಕ್ ಹಾಗೆಯೇ. ಸ್ಲೈಗೋದ ನನ್ನ ನಿಷ್ಠಾವಂತ ಶಸ್ತ್ರವೈದ್ಯರು ಯಾರಿಗೂ ಓದಲಾಗದ ತಮ್ಮ ಅಕ್ಷರದಲ್ಲಿ ಬರೆದಿದ್ದರು. ಆದರೂ ಅದು ನನ್ನ ಹೆಸರಲ್ಲವೆಂದು ಓದಲು ಬರುತ್ತಿತ್ತು. ನಾನು ಸುಧಾಳತ್ತ ತಿರುಗಿದೆ. ಅವಳು ಸೂರಿನ ತೊಲೆಗಳನ್ನು ಅತ್ಯಾಸಕ್ತಿಯಿಂದ ನೋಡುತ್ತಿದ್ದಳು. ವಾರವಿಡೀ ಅವಳು ಫೋನು ಹಿಡಿದು ಕೂತದ್ದು ನನ್ನ ಪ್ರಚಾರಕ್ಕೆಂದು ನಂಬಿ ನಾನು ಆ ವಾರವೂ ಪಾತ್ರೆ ತೊಳೆದಿದ್ದೆ.

ಕೊನೆಗೆ ಇಮ್ತಿಯಾಜನಿಗೆ ಒಂದು ಮತ, ನನಗೆ ಒಂದು ಮತ, ಇನ್ನೂ ಯೋಚನೆ ಮುಗಿಯದವರ ಖಾಲಿ ಚೀಟಿ ಒಂದು, ಉಳಿದದ್ದೆಲ್ಲ ರೇಖಾಳಿಗೆ. ಇಂಥದಕ್ಕೆ ಲ್ಯಾಂಡ್‌ಸ್ಲೈಡ್, ಅಂದರೆ ಭೂಕುಸಿತ ಎನ್ನುತ್ತಾರೆಂದು ವಸಂತಿ ಮೇಡಂ ಸಂಭ್ರಮದಿಂದ ಘೋಷಿಸಿದರು. ಕೆಳಗೆ ಸಿಕ್ಕಿಕೊಂಡ ಇಬ್ಬರು ಮಾತ್ರ ಪರಸ್ಪರ ಮುಖ ನೋಡಿಕೊಂಡೆವು.

"ನಾನಾ? ನಾನು ನಿಂತೇ ಇಲ್ವಲ್ಲಾ!" ಎಂದು ರೇಖಾ ಎದ್ದು ನಿಂತಳು.

"ಈಗ ನಿಂತಿದ್ದೀಯಲ್ಲ, ಸಾಕು" ಎಂದಳು ಸುಧಾ.

ನಾಗರಾಜು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಕಾರಿನಲ್ಲಿ ಮನೆಗೆ ಮರಳುವಾಗ, ಪತ್ನಿಯ ನಿಷ್ಠೆಗೆ ಕರಗಿದ ದನಿಯಲ್ಲಿ ಹೇಳಿದೆ: "ಎಷ್ಟಾದರೂ ನನಗೆ ಬಿದ್ದ ಆ ಒಂದು ಮತ..."

"ನಂದಲ್ಲ ರೀ" ಎಂದಳು ಸುಧಾ, ಕಿಟಕಿಯಾಚೆ ನೋಡುತ್ತ. "ನಾನು ರೇಖಾಗೆ ಹಾಕ್ದೆ. ಇಂಚರಾನೂ ಅಷ್ಟೇ. ನೀವೇ ಹಾಕ್ಕೊಂಡಿದ್ದು ಅಂತ ಇಬ್ರೂ ಅನ್ಕೊಂಡ್ವಿ." ಹಿಂದಿನ ಸೀಟಿನಿಂದ ಇಂಚರಾ ಹೌದೆನ್ನುವಂತೆ ಕೆಮ್ಮಿದಳು. ನಾನು ಹಾಕಿಕೊಂಡಿರಲಿಲ್ಲ. ಹಾಗಾದರೆ ಅದು ಯಾರದಿರಬೇಕೆಂದು ಮನೆ ಬರುವತನಕ ಯೋಚಿಸಬೇಕಾದ ಅಗತ್ಯವಿರಲಿಲ್ಲ. ಮೊದಲ ತಿರುವಿನಲ್ಲೇ ಹೊಳೆಯಿತು.

ನೂತನ ಅಧ್ಯಕ್ಷೆಯ ಮೊದಲ ಆಜ್ಞೆ ಮರುದಿನವೇ ಹೊರಟಿತು: ಮುಂದಿನ ಸಭೆ ಬಂಡೋರನ್ನಿನ ತಮ್ಮ ಮನೆಯಲ್ಲಿ, ಊಟಕ್ಕೆ ಬಿಸಿಬೇಳೆಬಾತೂ ಉಂಟು, ಜೋಳದ ರೊಟ್ಟಿಯೂ ಉಂಟು, ಮನೆಯಲ್ಲಿ ಕುರ್ಚಿ ಸಾಲದಿರುವುದರಿಂದ ಎಲ್ಲರೂ ಅವರವರ ಕುರ್ಚಿ ಅವರವರೇ ತರತಕ್ಕದ್ದು. ಅಧಿಕಾರಕ್ಕೆ ಬಂದವರು ಪ್ರಜೆಗಳಿಗೆ ಕುರ್ಚಿ ತರಲು ಹೇಳಿದ ಪ್ರಸಂಗ ರಾಜಕೀಯ ಚರಿತ್ರೆಯಲ್ಲಿ ಇನ್ನೊಂದಿದೆಯೋ ಕಾಣೆ. ಆ ಶನಿವಾರ ಸಮುದ್ರದ ಗಾಳಿಗೆ ಬಂಡೋರನ್ನಿನ ಆ ಬೀದಿಯಲ್ಲಿ ಕಾರುಗಳ ಸಾಲು. ಒಂದೊಂದು ಕಾರಿನಿಂದಲೂ ಕಾಲು ಮೇಲಾದ ಕುರ್ಚಿಗಳು ಇಳಿಯುತ್ತಿದ್ದವು. ಬ್ರೀಡಾ ಕೂಡ ತಮ್ಮ ಹಳೆಯ ಆರಾಮಕುರ್ಚಿಯನ್ನು ಎಳೆದುಕೊಂಡು ಬೇಲಿಯ ಬಾಗಿಲಿನಿಂದ ಹೊರಟಿದ್ದರು. ಇಮ್ತಿಯಾಜನೂ ನಾನೂ ಅದರ ಒಂದೊಂದು ತುದಿ ಹಿಡಿದೆವು. ಬೆಕ್ಕು ಅದರ ಮೇಲೆಯೇ ಕೂತಿತ್ತು; ಇಳಿಯಲಿಲ್ಲ.

"ಏನಲೇ," ಎಂದ ಇಮ್ತಿಯಾಜ್, ಹಿಂದುಹಿಂದಾಗಿ ನಡೆಯುತ್ತ, "ನನಗ ಒಂದು ವೋಟು ಬಿತ್ತಲ್ಲ, ಯಾರದ್ದಿರಬೇಕದು?"

"ಗುಪ್ತ ಮತದಾನ" ಎಂದೆ. "ನನಗೂ ಒಂದು ಬಿತ್ತು."

"ಅದೂ ಗುಪ್ತನಽ" ಎಂದ ಅವನು. ಇಬ್ಬರ ಮುಖದಲ್ಲೂ ಬಂದ ನಗುವನ್ನು ಅಡಗಿಸಲು ಕೈ ಖಾಲಿಯಿರಲಿಲ್ಲ.

"ಬಾಗ್ಲಲ್ಲೇ ನಿಂತ್ಕೊಂಡು ಏನ್ ರಾಜಕೀಯ ಮಾಡ್ತಾ ಇದೀರಾ?" ಎಂದು ಒಳಗಿನಿಂದ ಅಧ್ಯಕ್ಷೆಯ ದನಿ ಕೇಳಿತು. "ಬನ್ನಿ, ರೊಟ್ಟಿ ಆರ್ತಾ ಐತೆ!" ನಾವು ಅಜ್ಜಿಯ ಕುರ್ಚಿಯನ್ನು ಓರೆಮಾಡಿ, ಬೆಕ್ಕನ್ನು ಬೀಳಿಸದೆ, ಆ ಕಿರಿದಾದ ಬಾಗಿಲಲ್ಲಿ ಒಟ್ಟಿಗೇ ನುಗ್ಗಿದೆವು.